ಕಂಪ್ರೆಸರ್ ಕಾಯ್ದ ಬೇಸಿಗೆ

ಕಳೆದ ತಿಂಗಳು ಚಳ್ಳಕೆರೆಯಲ್ಲಿ ನಮ್ಮ ಬೀದಿಯ ಚರಂಡಿಗೆಂದು ಬಂಡೆ ಒಡೆಯಲು ಕಂಪ್ರೆಸರ್ ತಂದು ನಿಲ್ಲಿಸಿದ್ದರು. ನಾನು ಒಳಗೆ ತಿಂಡಿಗೆ ಕೂತಿದ್ದೆ. ಸುಟ್ಟ ಡೀಸೆಲ್ಲು, ಬಿಸಿ ಎಣ್ಣೆ, ಒದ್ದೆ ಕಲ್ಲುಪುಡಿ, ಈ ಮೂರೂ ವಾಸನೆ ಒಟ್ಟಿಗೆ ಕಿಟಕಿಯಿಂದ ಬಂದವು. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

"ಯಾಕ್ರಿ, ಉಪ್ಪು ಜಾಸ್ತಿ ಆತಾ?" ಎಂದಳು ಹೆಂಡತಿ.

ಇಲ್ಲ ಎಂದೆ. ಹೊರಗೆ ಇಂಜಿನ್ನು ಏರಿತು, ಇಳಿಯಿತು, ಮತ್ತೆ ಏರಿತು. ಡ್ರಿಲ್ ಹಿಡಿದವನು ಯಾವಾಗ ಕೈ ಬಿಟ್ಟ, ಯಾವಾಗ ಮತ್ತೆ ಒತ್ತಿದ ಎಂದು ನೋಡದೆಯೇ ಹೇಳಬಲ್ಲೆ. ಮದುವೆಗೆ ಮುಂಚೆ ಮೊಳಕಾಲ್ಮೂರು ಸೀಮೆಯ ಒಂದು ಹಟ್ಟಿಯಲ್ಲಿ ನಾನು ಕಳೆದ ಒಂದು ಬೇಸಿಗೆ ನನಗೆ ಕಲಿಸಿದ್ದು ಅದನ್ನು. ಆ ನಾಲ್ಕು ತಿಂಗಳ ಬಗ್ಗೆ ನಾನು ಮನೆಯಲ್ಲಿ ಪೂರ್ತಿಯಾಗಿ ಹೇಳಿರಲಿಲ್ಲ. ಅವತ್ತು ತಿಂಡಿ ಬಿಟ್ಟು ಹೇಳಿದೆ.

ಆಗ ನನಗೆ ಇಪ್ಪತ್ತೆರಡು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಒಂದು ವರ್ಷ ಆಗಿತ್ತು. ಅವ್ವ ಶೇಂಗಾ ಮಿಲ್ಲಿನಲ್ಲಿ ಕಾಯಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಪರಿಚಯದವರ ಮೂಲಕ ರಾಜಣ್ಣ ಎಂಬುವವರು ನನ್ನನ್ನು ಕರೆಸಿದರು. ಬಾವಿ ಆಳ ಮಾಡಿಸುವ, ಬಂಡೆ ಒಡೆಸುವ ಗುತ್ತಿಗೆ ಅವರದು. ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಕೊಂಡಿದ್ದರು, ಆಪರೇಟರ್ ಬೇಕಿತ್ತು. ನನ್ನ ಅಂಕಪಟ್ಟಿಯನ್ನೂ ಸರ್ಟಿಫಿಕೇಟನ್ನೂ ತಿರುಗಿಸಿ ನೋಡಿ, ವಾಪಸು ಕೊಡುವ ಬದಲು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಒರಿಜಿನಲ್ಲು ನನ್ ಹತ್ರ ಇರ್ಲಿ ಕಣಪ್ಪ. ಸೀಜನ್ ಮುಗುದ್ ಮ್ಯಾಲೆ ಕೊಡ್ತೀನಿ. ಹಿಂದಿನ ಇಬ್ರೂ ಮಧ್ಯದಾಗೇ ಕೈಕೊಟ್ಟು ಹೋದ್ರು."

ಅವ್ವನಿಗೆ ಹೇಳಿದರೆ ಅವಳು ಸಮಾಧಾನವಾಗಿಯೇ ಇದ್ದಳು. "ಬೀರುನಾಗೆ ಇದ್ರೆ ಜೋಪಾನ ಬಿಡು. ನಮ್ಮನೇಲಿ ಗೆದ್ಲು."

ಮಾರನೇ ದಿನ ಟ್ರ್ಯಾಕ್ಟರಿನ ಹಿಂದೆ ಕಂಪ್ರೆಸರ್ ಕಟ್ಟಿಕೊಂಡು ಮೊಳಕಾಲ್ಮೂರು ದಾಟಿ ಆಂಧ್ರದ ಕಡೆಗೆ ಹೊರಟೆವು. ಕುರಿ ಸಾಕುವವರ ಹಟ್ಟಿ ಅದು. ಮೂರು ಕಡೆ ಬಂಡೆಗುಂಡುಗಳ ಗುಡ್ಡ, ನಡುವೆ ಮನೆಗಳು, ಮನೆಗಳಾಚೆ ಹಳೆಯ ಬಾವಿ. ಕುರಿಗೂ ಜನಕ್ಕೂ ಅದೊಂದೇ ನೀರು. ಆ ವರ್ಷ ತಳ ಕಂಡಿತ್ತು. ಹಟ್ಟಿಯವರೆಲ್ಲ ಸೇರಿ ಇನ್ನೂ ಇಪ್ಪತ್ತು ಅಡಿ ಇಳಿಸಲು ರಾಜಣ್ಣನಿಗೆ ಒಪ್ಪಿಸಿದ್ದರು. ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೂ ಬಿಸಿ ಉಸಿರುತ್ತಿತ್ತು. ಗಾಳಿ ಬರಲು ಒಂದೇ ದಿಕ್ಕು ತೆರೆದಿತ್ತು, ಅದೂ ರಸ್ತೆಯ ಕಡೆ.

ಬಾವಿಯೊಳಗೆ ಇಳಿಯುತ್ತಿದ್ದವನು ಓಬಣ್ಣ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಮೂವತ್ತು ವರ್ಷ ಡ್ರಿಲ್ ಹಿಡಿದು ಒಂದು ಕಿವಿ ಪೂರ್ತಿ ಹೋಗಿತ್ತು. ಅವನ ಹೆಂಡತಿ ಸುಂಕಮ್ಮ ಗಡಿಯಾಚೆಯ ಹೆಂಗಸು, ಮಾತಿನಲ್ಲಿ ಕನ್ನಡಕ್ಕಿಂತ ತೆಲುಗೇ ಹೆಚ್ಚು. ಬಾವಿ ದಂಡೆಯ ಕ್ರೇನು ಅವಳ ಕೈಯಲ್ಲಿ. ಗಂಡನನ್ನು ಇಳಿಸುವವಳೂ ಅವಳೇ, ಒಡೆದ ಕಲ್ಲನ್ನು ಬಕೆಟ್ಟಿನಲ್ಲಿ ಎಳೆಯುವವಳೂ ಅವಳೇ.

ಯಂತ್ರ ನನ್ನದು. ಹಳದಿ ತಗಡಿನ ಗೂಡಿನೊಳಗೆ ಡೀಸೆಲ್ ಇಂಜಿನ್ನು, ಅದು ತಿರುಗಿಸುವ ಕಂಪ್ರೆಸರ್, ಒತ್ತಿದ ಗಾಳಿ ತುಂಬಿಕೊಳ್ಳುವ ಟ್ಯಾಂಕು. ಟ್ಯಾಂಕಿನಿಂದ ಹೊರಟ ದಪ್ಪ ರಬ್ಬರ್ ಪೈಪು ಬಾವಿಯೊಳಗಿಳಿದು ಓಬಣ್ಣನ ಡ್ರಿಲ್ಲಿಗೆ ಸೇರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಆಯಿಲ್ ಕಡ್ಡಿ ಎಳೆದು ನೋಡಬೇಕು, ರೇಡಿಯೇಟರಿಗೆ ನೀರು ತುಂಬಬೇಕು, ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಒಳಗೆ ಕಟ್ಟಿಕೊಂಡ ನೀರು ಬಿಡಬೇಕು, ಏರ್ ಫಿಲ್ಟರ್ ಬಿಚ್ಚಿ ದೂಳು ಬಡಿಯಬೇಕು. ಪೈಪಿನ ಪ್ರತಿ ಜೋಡಣೆಗೂ ಸರಪಳಿ ಬಿಗಿಯಬೇಕು. ಇಲ್ಲದಿದ್ದರೆ ಕಳಚಿದ ಪೈಪು ಎದ್ದು ಬಡಿದು ಕಾಲು ಮುರಿಯುತ್ತದೆ. ಎಲ್ಲಕ್ಕಿಂತ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ ಯಂತ್ರ ನಿಲ್ಲಿಸಬೇಕು. ತಾನು ಬಿಟ್ಟ ಹೊಗೆಯನ್ನು ತಾನೇ ಎಳೆದುಕೊಂಡರೆ ಕೆಳಗೆ ಹೋಗುವುದು ವಿಷ.

ಚಾಲೂ ಆದ ಮೇಲೆ ಕಾಯುವುದೇ ಕೆಲಸ. ಕೆಳಗೆ ಡ್ರಿಲ್ ನಡೆದರೆ ಗಾಳಿ ಖರ್ಚಾಗಿ ಮೀಟರಿನ ಸೂಜಿ ಇಳಿಯುತ್ತದೆ, ಇಂಜಿನ್ನು ತಾನಾಗಿ ಏರಿ ಅಬ್ಬರಿಸುತ್ತದೆ. ಡ್ರಿಲ್ ನಿಂತರೆ ಸೂಜಿ ಏರುತ್ತದೆ, ಇಂಜಿನ್ನು ಇಳಿದು ಮೆಲ್ಲಗೆ ಗೊರಗುಟ್ಟುತ್ತದೆ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಅದನ್ನು ಬಿಟ್ಟು ಮೂವತ್ತು ಹೆಜ್ಜೆ ಆಚೆ ಹೋಗುವಂತಿರಲಿಲ್ಲ. ಊಟ ಅದರ ಪಕ್ಕ, ನೀರು ಅದರ ಪಕ್ಕ. ಕಿವಿಗೆ ಹತ್ತಿ ತುರುಕಿಕೊಂಡರೂ ತಲೆಯೊಳಗೆ ಅದೇ ಸದ್ದು. ಯಾರ ಜೊತೆಯಾದರೂ ಮಾತಾಡಬೇಕೆಂದರೆ ಕೂಗಬೇಕಿತ್ತು. ಒಂದು ವಾರಕ್ಕೆ ಕೂಗುವುದೂ ಸಾಕಾಗಿ ಸುಮ್ಮನಾದೆ. ಕಣ್ಣೆದುರು ಗುಡ್ಡ, ಗುಡ್ಡದ ಮೇಲೆ ಒಂದರ ಮೇಲೊಂದು ಕೂತ ಗುಂಡುಗಳು. ಎಷ್ಟಿವೆ ಎಂದು ಎಣಿಸುತ್ತಿದ್ದೆ, ತಪ್ಪುತ್ತಿತ್ತು, ಮೊದಲಿಂದ ಎಣಿಸುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ನನ್ನ ಜೊತೆ ಓದಿದ ಗೆಳೆಯ ಫೋನು ಮಾಡಿದ. ಕುದಾಪುರದ ಹತ್ತಿರದ ಒಂದು ಸಂಶೋಧನಾ ಕ್ಯಾಂಪಸ್ಸಿನಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಖಾಲಿ ಇದೆ, ನೆರಳಿನಲ್ಲಿ ಕೆಲಸ, ಪಾಳಿ ಮುಗಿದರೆ ಮನೆಗೆ. ಮುಂದಿನ ಗುರುವಾರ ಮಧ್ಯಾಹ್ನ ಮೂರಕ್ಕೆ ಒರಿಜಿನಲ್ ತೆಗೆದುಕೊಂಡು ಬರಬೇಕು.

ಡೀಸೆಲ್ ತಂದ ರಾಜಣ್ಣನನ್ನು ಕೇಳಿದೆ. ಒಂದೇ ದಿನಕ್ಕೆ ಕೊಡಿ, ತೋರಿಸಿ ವಾಪಸು ತಂದಿಡುತ್ತೇನೆ ಎಂದೆ.

"ತೋರ್ಸಿದ್ರೆ ತಗಂತಾರೆ, ತಗಂಡ್ರೆ ನೀ ಬರಲ್ಲ," ಎಂದರು. ಸಿಟ್ಟಿಲ್ಲದೆ, ಲೆಕ್ಕ ಹೇಳಿದ ಹಾಗೆ. "ಬಾವಿ ಅರ್ಧಕ್ಕೆ ನಿಂತೈತೆ. ಹಟ್ಟಿಯೋರಿಗೆ ನಾ ಏನ್ ಹೇಳ್ಲಿ?"

"ಹಂಗಾದ್ರೆ ರೇಡಿಯೇಟರ್ ಪೈಪಾದ್ರೂ ಬದ್ಲಿಸಿಕೊಡ್ರಿ. ಸೀಳು ಬಿಟ್ಟೈತೆ. ಮೂರು ಸಲ ಹೇಳಿದೀನಿ."

"ತರ್ತೀನಿ ಬಿಡು," ಎಂದರು. ಅದನ್ನೂ ಮೂರು ಸಲ ಹೇಳಿದ್ದರು. ನಾನು ಸೀಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದೆ.

ಬುಧವಾರ ಸಂಜೆ ಓಬಣ್ಣ ನನ್ನ ಮುಖ ನೋಡಿ ಏನೆಂದು ಕೇಳಿದ. ಹೇಳಿದೆ. ಅವನು ಬೀಡಿ ಎಳೆದು ಮುಗಿಸಿದ.

"ಜೆರಾಕ್ಸ್ ಐತಲ್ಲ, ಅದನ್ನೇ ತಗಂಡು ಹೋಗಲೇ ತಿಪ್ಪೇಶಿ. ಇದ್ದದ್ದು ಇದ್ದಂಗೆ ಹೇಳು. ಬೆಳಿಗ್ಗೆ ಯಂತ್ರ ಚಾಲೂ ಮಾಡಿ ಕೊಟ್ಟು ಹೋಗು. ಅದು ನಿಂತ್ರೆ ನಾ ಮ್ಯಾಲಕ್ಕೆ ಬರ್ತೀನಿ, ಅಷ್ಟೇ ತಾನೆ?"

ಅಷ್ಟೇ ಎಂದೆ. ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ಓಬಣ್ಣ ಬಾವಿಯ ತಳದಿಂದ ಅಡ್ಡಕ್ಕೆ ಕೊರೆಯುತ್ತಿದ್ದ. ಪಶ್ಚಿಮದ ಗೋಡೆಯಲ್ಲಿ ತೇವ ಕಂಡಿತ್ತು. ಅದನ್ನು ಹಿಂಬಾಲಿಸಿ ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಗವಿ ತೋಡಿದ್ದ. ಅಂಥ ಜಾಗದಲ್ಲಿ ಮನುಷ್ಯನಿದ್ದಾಗ ಮೇಲೆ ಯಂತ್ರದ ಬಳಿ ತಿಳಿದವನೊಬ್ಬ ಇರಲೇಬೇಕು.

ಗುರುವಾರ ಏಳಕ್ಕೆ ಇಂಜಿನ್ ಚಾಲೂ ಮಾಡಿದೆ. ಓಬಣ್ಣ ಇಳಿದ. ಬಂದ್ ಮಾಡುವ ಕೀಲಿ ಯಾವುದು ಎಂದು ಸುಂಕಮ್ಮನಿಗೆ ತೋರಿಸಿದೆ. ಹತ್ತೂವರೆಗೆ ಅಂಗಿ ಬದಲಿಸಿ, ಚೀಲ ಹೆಗಲಿಗೆ ಹಾಕಿ, ರಸ್ತೆಗೆ ನಡೆದೆ. ಅರ್ಧ ಮೈಲಿ. ಜಾಲಿ ಮರದ ಕೆಳಗೆ ಬಸ್ಸಿಗೆ ನಿಂತೆ.

ಮೂರು ತಿಂಗಳಲ್ಲಿ ಮೊದಲ ಸಲ ಸದ್ದು ದೂರವಾಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಕೇಳಬೇಡ ಎಂದರೂ ಕಿವಿ ಕೇಳುತ್ತಿತ್ತು. ಇಂಜಿನ್ನು ಏರುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಇಳಿದದ್ದು ಮತ್ತೆ ಏರಲಿಲ್ಲ. ಡ್ರಿಲ್ಲಿನ ಸಲಾಕೆ ಬದಲಿಸುತ್ತಿರಬೇಕು ಎಂದುಕೊಂಡೆ. ಅದಕ್ಕೆ ಎರಡು ನಿಮಿಷ. ನೀರು ಕುಡಿಯುತ್ತಿರಬೇಕು, ಅದಕ್ಕೆ ಇನ್ನೆರಡು. ಐದು ನಿಮಿಷವಾಯಿತು, ಹತ್ತಾಯಿತು. ಓಬಣ್ಣ ಕೆಳಗಿದ್ದಾಗ ಹತ್ತು ನಿಮಿಷ ಸುಮ್ಮನೆ ಕೂತವನಲ್ಲ.

ಬಸ್ಸು ಬಂತು. ಕಾಲು ಮೆಟ್ಟಿಲ ಮೇಲಿತ್ತು.

"ಒಳಗ್ ಬಾರಲೇ, ಏನ್ ಯೋಚ್ನೆ ಮಾಡ್ತೀಯ?" ಎಂದ ಕಂಡಕ್ಟರ್.

ಇಂಜಿನ್ನಿನ ಗೊರಗೊರ ಹಾಗೇ ಇತ್ತು. ಕಾಲು ತೆಗೆದೆ. ಬಸ್ಸು ಹೋಯಿತು. ಧರ್ಮಕ್ಕೆ ತೆಗೆದೆನೋ ಭಯಕ್ಕೆ ತೆಗೆದೆನೋ ಇವತ್ತಿಗೂ ಹೇಳಲಾರೆ. ಓಡಿದ್ದು ಮಾತ್ರ ನೆನಪಿದೆ, ಚೀಲ ಬೆನ್ನಿಗೆ ಬಡಿಯುತ್ತಿದ್ದದ್ದು ನೆನಪಿದೆ.

ಬಾವಿಯ ಬಾಯಿಂದ ದೂಳು ಮೇಲೇಳುತ್ತಿತ್ತು. ಸುಂಕಮ್ಮ ಗಂಡನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಯಂತ್ರದ ಸದ್ದಿನಲ್ಲಿ ಹಟ್ಟಿಗೂ ಕೇಳಿಸಿರಲಿಲ್ಲ, ಕೆಳಗಿನಿಂದ ಉತ್ತರ ಬಂದರೆ ಅವಳಿಗೂ ಕೇಳುವಂತಿರಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಅವಳು ಸದ್ದು ನಿಲ್ಲಿಸಿ ಕಿವಿಗೊಡಬೇಕೆಂದು ಕೀಲಿಗೆ ಕೈ ಹಾಕಿದ್ದಳು.

"ಮುಟ್ಬ್ಯಾಡಕ್ಕಾ!" ಎಂದು ಅರಚಿದೆ. ಅವಳ ಕೈ ಕಿತ್ತು ಹಿಡಿದೆ.

ಬಾವಿಗೆ ಬಗ್ಗಿ ನೋಡಿದೆ. ಪಶ್ಚಿಮದ ಗೋಡೆಯ ಮಣ್ಣುಗಲ್ಲಿನ ಪದರ ಜಾರಿ, ಗವಿಯ ಬಾಯಿ ಇದ್ದಲ್ಲಿ ಕಲ್ಲಿನ ರಾಶಿ ಬಿದ್ದಿತ್ತು. ನಮ್ಮ ಪೈಪು ರಾಶಿಯ ಕೆಳಗೆ ನುಗ್ಗಿ ಮರೆಯಾಗಿತ್ತು. ತಿರುಗಿ ಮೀಟರು ನೋಡಿದೆ. ಸೂಜಿ ಮೇಲೆಯೇ ಇತ್ತು. ಪೈಪು ಹರಿದಿದ್ದರೆ ಗಾಳಿಯೆಲ್ಲ ಸೋರಿ ಸೂಜಿ ಸೊನ್ನೆಗೆ ಬೀಳಬೇಕಿತ್ತು. ಪೈಪು ಹರಿದಿಲ್ಲ. ಅದರ ತುದಿಯಲ್ಲಿ ಓಬಣ್ಣ ಇದ್ದಾನೋ ಇಲ್ಲವೋ ಗೊತ್ತಿಲ್ಲ.

ಸೂಜಿಯನ್ನೇ ನೋಡುತ್ತ ನಿಂತೆವು. ಆಗ ಅದು ಸ್ವಲ್ಪ ನಡುಗಿ ಇಳಿಯಿತು. ಇಂಜಿನ್ನು ಒಮ್ಮೆ ಏರಿ, ಇಳಿಯಿತು. ಸೂಜಿ ಮತ್ತೆ ಇಳಿಯಿತು. ಯಾರೋ ಕೆಳಗೆ ಡ್ರಿಲ್ಲಿನ ಹಿಡಿಕೆ ಒತ್ತಿ ಬಿಡುತ್ತಿದ್ದರು.

"ಅಕ್ಕಾ, ಬದುಕೌನೆ," ಎಂದೆ. "ಇಲ್ಲಿ ನೋಡು. ಅವನೇ ಒತ್ತತಾ ಇರೋದು. ಈ ಗಾಳಿ ಹೋಗ್ತಿರೋ ತಂಕ ಅವನಿಗೆ ಉಸ್ರು ಐತೆ. ಇದು ನಿಲ್ಲಬಾರ್ದು."

ಸುಂಕಮ್ಮ ಮೀಟರಿನ ಗಾಜಿನ ಮೇಲೆ ಅಂಗೈ ಇಟ್ಟಳು. ಅಳಲಿಲ್ಲ. "ಗಾಲಿ ಪೋತೋಂದಾ?" ಎಂದಳು, ಗಾಳಿ ಹೋಗುತ್ತಿದೆಯಾ ಎಂದು. ಮುಂದಿನ ಐದು ಗಂಟೆಯಲ್ಲಿ ಆ ಒಂದು ಪ್ರಶ್ನೆಯನ್ನು ಬಿಟ್ಟು ಬೇರೆ ಏನನ್ನೂ ಅವಳು ಕೇಳಲಿಲ್ಲ.

ಅಗ್ನಿಶಾಮಕದವರಿಗೂ ರಾಜಣ್ಣನಿಗೂ ಫೋನು ಮಾಡಿದೆ. ಹಟ್ಟಿಯವರು ಓಡಿ ಬಂದರು. ಒಂದು ಗಂಟೆಯೊಳಗೆ ಅಗ್ನಿಶಾಮಕದವರು ಬಂದು ಹಗ್ಗ ಕಟ್ಟಿಕೊಂಡು ಇಳಿದರು. ಹಾರೆ ಹಾಕಿದರೆ ಮೇಲಿನದು ಮತ್ತೆ ಜಾರುತ್ತದೆ, ಕೈಯಲ್ಲೇ ಒಂದೊಂದು ಕಲ್ಲು ಎತ್ತಬೇಕು ಎಂದರು. ಸುಂಕಮ್ಮ ಕ್ರೇನಿಗೆ ಹೋಗಿ ನಿಂತಳು. ಬೇರೆ ಯಾರಿಗೂ ಬಿಡಲಿಲ್ಲ. ಬಕೆಟ್ಟು ಇಳಿಯಿತು, ಏರಿತು.

ನನ್ನ ಕಷ್ಟ ಬೇರೆಯೇ ಶುರುವಾಯಿತು. ಮಧ್ಯಾಹ್ನ ಒಂದರ ಬಿಸಿಲಿಗೆ ರೇಡಿಯೇಟರ್ ಪೈಪಿನ ಸೀಳು ಬಾಯಿ ಬಿಟ್ಟಿತು. ಟ್ಯೂಬಿನ ಸುತ್ತು ದಾಟಿ ಆವಿ ಚಿಮ್ಮುತ್ತಿತ್ತು. ಬಿಸಿ ಮಿತಿ ಮೀರಿದರೆ ಇಂಜಿನ್ನು ತಾನಾಗಿ ಬಂದ್ ಆಗುವಂತೆ ಅದರಲ್ಲೊಂದು ಸ್ವಿಚ್ಚು ಇರುತ್ತದೆ. ಇಂಜಿನ್ನು ಉಳಿಯಲೆಂದು ಇಟ್ಟದ್ದು. ಕೆಳಗಿರುವವನ ವಿಚಾರ ಅದಕ್ಕೇನು ಗೊತ್ತು?

"ಬಾಗ್ಲು ತೆಗೀರಿ, ತಣ್ಣಗಾಗ್ಲಿ," ಎಂದು ಯಾರೋ ಗೂಡಿನ ತಗಡಿಗೆ ಕೈ ಹಾಕಿದರು. ಬೇಡ ಎಂದೆ. ಬಾಗಿಲು ತೆಗೆದರೆ ಫ್ಯಾನಿನ ಗಾಳಿ ರೇಡಿಯೇಟರನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ, ಇನ್ನಷ್ಟು ಕಾಯುತ್ತದೆ. ಸೀಳಿದ ಪೈಪಿಗೆ ಕೈ ಹೋಗುವಷ್ಟೇ ಸಂದು ಬಿಟ್ಟೆ.

ಅಷ್ಟರಲ್ಲಿ ರಾಜಣ್ಣ ಬಂದರು. ಆವಿ ನೋಡಿದರು, ಮೀಟರು ನೋಡಿದರು, ನನ್ನ ಒಗೆದ ಅಂಗಿ, ಹೆಗಲ ಚೀಲ ನೋಡಿದರು. ನಿಲ್ಲಿಸು, ಇಂಜಿನ್ನು ಕಾದು ಹಿಡಿದುಕೊಂಡು ಕೆಟ್ಟುಹೋಗುತ್ತದೆ ಎನ್ನುತ್ತಾರೆ ಎಂದು ಕಾದೆ. ಏನು ಹೇಳಬೇಕೆಂದು ಬಾಯಲ್ಲಿ ಜೋಡಿಸಿಕೊಂಡೂ ಇದ್ದೆ.

"ಎಲ್ಲಿ ಸೋರ್ತೈತೆ?" ಎಂದರು.

ತೋರಿಸಿದೆ. ಅವರು ಟವೆಲ್ಲನ್ನು ನೀರಿಗೆ ಅದ್ದಿ, ನಾಲ್ಕು ಮಡಿಕೆ ಮಾಡಿ, ಸೀಳಿನ ಮೇಲೆ ಒತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುರಿಯುತ್ತಿದ್ದದ್ದು ಹನಿಗೆ ಇಳಿಯಿತು. ಟವೆಲ್ಲು ಕಾದು ಹಬೆಯಾಡಿದಾಗ ಬದಲಿಸಿಕೊಂಡು ಮತ್ತೆ ಹಿಡಿದರು. "ನೀನು ನೀರು ನೋಡ್ಕೊ. ನನ್ ಕಡೆ ನೋಡ್ಬ್ಯಾಡ," ಎಂದರು.

ಹಟ್ಟಿಯ ಹೆಂಗಸರು ಪ್ಲಾಸ್ಟಿಕ್ ಕೊಡಗಳಲ್ಲಿ, ಇದ್ದಬದ್ದ ಕುಡಿಯುವ ನೀರನ್ನೇ ತಂದರು. ತಣ್ಣೀರು ಸುರಿದರೆ ಕಾದ ಇಂಜಿನ್ನು ಬಿರಿಯುತ್ತದೆ; ಬಿಸಿಲಲ್ಲಿಟ್ಟ ಕೊಡದ್ದನ್ನು ಮಾತ್ರ ಕೊಡಿ ಎಂದೆ. ಗೋಣಿಚೀಲ ಮುಚ್ಚಿ ಮುಚ್ಚಳ ತಿರುಗಿಸಿ, ಲೋಟ ಲೋಟವಾಗಿ ಹಾಕಿದೆ. ಬಿಸಿಯ ಮುಳ್ಳು ಕೆಂಪಿನ ಅಂಚಿಗೆ ಬಂದು ಅಲ್ಲೇ ನಿಂತಿತು.

ಎರಡು ಗಂಟೆಗೆ ಗಾಳಿ ತಿರುಗಿತು. ಬೆಳಗಿನಿಂದ ಹೊಗೆಯನ್ನು ಆಚೆ ಒಯ್ಯುತ್ತಿದ್ದ ಗಾಳಿ ಈಗ ಅದನ್ನು ಯಂತ್ರದ ಮೇಲೇ ಮಗುಚಿ ಹಾಕುತ್ತಿತ್ತು. ಯಂತ್ರವನ್ನು ಬೇರೆ ಕಡೆ ತಿರುಗಿಸೋಣವೆಂದರೆ ರಾಶಿಯಲ್ಲಿ ಸಿಕ್ಕ ಗಾಳಿ ಪೈಪು ಬಿಗಿದಿತ್ತು. ನಾನು ಹೊಗೆ ತೋರಿಸಿ, ಇದು ಒಳಗೆ ಹೋದರೆ ಅವನು ನಿದ್ದೆ ಹೋದ ಹಾಗೆ ಸಾಯುತ್ತಾನೆ ಎಂದೆ. ಒಬ್ಬ ಮುದುಕ ಹೆಗಲ ಕಂಬಳಿ ಬಿಚ್ಚಿ ಹೊಗೆಕೊಳವೆಗೂ ಗಾಳಿ ಎಳೆಯುವ ಕಿಂಡಿಗೂ ನಡುವೆ ಹಿಡಿದ. ಅವನ ಪಕ್ಕ ಇನ್ನೊಬ್ಬ, ಮತ್ತೊಬ್ಬ. ಕುರಿ ಕಾಯುವವರು ಆರು ಜನ, ಕಂಬಳಿಗೆ ಕಂಬಳಿ ಸೇರಿಸಿ ಗೋಡೆ ಕಟ್ಟಿದ ಹಾಗೆ, ಆ ಬಿಸಿಲಲ್ಲಿ ಕೈ ಮೇಲೆತ್ತಿ ನಿಂತರು. ಹೊಗೆ ಅವರ ಮುಖಕ್ಕೆ ಹೊಡೆಯುತ್ತಿತ್ತು. ಕೆಮ್ಮುತ್ತ ಪಾಳಿ ಬದಲಿಸಿದರು, ಕಂಬಳಿ ಇಳಿಸಲಿಲ್ಲ.

ಮೂರು ಗಂಟೆಗೆ ನನ್ನ ಫೋನು ಜೇಬಿನಲ್ಲಿ ಗುಯ್ಗುಟ್ಟಿತು. ಗೆಳೆಯನಿರಬೇಕು. ತೆಗೆಯಲಿಲ್ಲ. ಸೂಜಿ ಇಳಿಯುವ ಹೊತ್ತಾಗಿತ್ತು, ಇಳಿಯಿತು. "ಗಾಲಿ ಪೋತೋಂದಾ?" ಎಂದು ಕ್ರೇನಿನ ಕಡೆಯಿಂದ ಸುಂಕಮ್ಮ ಕೂಗಿದಳು. ಹೋಗ್ತೈತಕ್ಕಾ ಎಂದು ಕೂಗಿದೆ. ಆಮೇಲೆ ಇಳಿತಗಳ ನಡುವಿನ ಹೊತ್ತು ಉದ್ದವಾಗುತ್ತ ಹೋಯಿತು. ಒಮ್ಮೆ ಹತ್ತು ನಿಮಿಷ ಸೂಜಿ ಅಲುಗಲೇ ಇಲ್ಲ. ಆಗಲೂ ಅವಳು ಕೇಳಿದಳು. ಹೋಗ್ತೈತೆ ಎಂದೆ. ಅದು ನಾನು ಹೇಳಿದ ಸುಳ್ಳು. ಸುಳ್ಳು ಹೇಳಿ ಮುಗಿಯುವಷ್ಟರಲ್ಲಿ ಸೂಜಿ ಇಳಿಯಿತು.

ನಾಲ್ಕೂವರೆಗೆ ಬಾವಿಯೊಳಗಿಂದ ಶಿಳ್ಳೆ ಕೇಳಿತು. ತೂತು ಬಿದ್ದಿತ್ತು, ಒಂದು ಕೈ ಕಂಡಿತ್ತು. ಮತ್ತೆ ಅರ್ಧ ಗಂಟೆಗೆ ಓಬಣ್ಣನನ್ನು ಎಳೆದರು. ಬಲಗಾಲ ಪಾದ ಜಜ್ಜಿತ್ತು. ಮೊಣಕಾಲ ತನಕ ಒದ್ದೆಯಾಗಿದ್ದ. ಗವಿಯ ಹಿಂದಿನ ಗೋಡೆ ಬಿರಿದು ನೀರು ಬಂದಿತ್ತು.

ಅವನನ್ನು ಆಂಬುಲೆನ್ಸಿಗೆ ಹಾಕಿದ ಮೇಲೆ ಕೀಲಿ ತಿರುಗಿಸಿದೆ. ಅಷ್ಟು ದೊಡ್ಡ ನಿಶ್ಶಬ್ದ ನಾನು ಮುಂಚೆ ಕೇಳಿರಲಿಲ್ಲ. ರಾಜಣ್ಣ ಕೈ ತೆಗೆದರು. ಎರಡೂ ಅಂಗೈ ಬೊಬ್ಬೆ ಎದ್ದು ಬಿಳಿಚಿದ್ದವು. ಬೆರಳು ಮಡಿಸಲು ಆಗುತ್ತಿರಲಿಲ್ಲ. "ನಾಳೆ ಪೈಪು ತರ್ತೀನಿ," ಎಂದರು, ತಲೆ ತಗ್ಗಿಸಿಕೊಂಡು. ತಂದರು ಕೂಡ.

ಸರ್ಟಿಫಿಕೇಟು ಮಾತ್ರ ಕೊಡಲಿಲ್ಲ. ಇಷ್ಟೆಲ್ಲ ಆದ ಮೇಲೆ ಕೊಟ್ಟೇ ಕೊಡುತ್ತಾರೆ ಎಂದು ನಾನಂದುಕೊಂಡಿದ್ದೆ. ಬಾವಿ ಮುಗಿಯಲಿ ಎಂದರು. ಕುದಾಪುರದ ಕೆಲಸ ಬೇರೊಬ್ಬನಿಗೆ ಹೋಯಿತು. ಹೊಸ ಡ್ರಿಲ್ಲರ್ ಬಂದ. ನಾನು ಮತ್ತೆ ಅದೇ ಯಂತ್ರದ ಪಕ್ಕ ಕೂತು ಅದೇ ಗುಂಡುಗಳನ್ನು ಎಣಿಸಿದೆ. ಈಗ ರಸ್ತೆ ಕಡೆ ನೋಡಲೂ ಮನಸ್ಸಾಗುತ್ತಿರಲಿಲ್ಲ. ನೋಡಿದರೆ ಅವತ್ತು ನಾನು ಅಲ್ಲಿದ್ದೆ ಎನ್ನುವುದು ನೆನಪಾಗುತ್ತಿತ್ತು. ಹಟ್ಟಿಯವರು ನನ್ನನ್ನು ಹೊಗಳುವಾಗ ಇನ್ನೂ ಕಷ್ಟ. ಬಂದವನೆಂದು ಹೊಗಳುತ್ತಿದ್ದರು, ಹೋಗಿದ್ದವನೆಂದು ಯಾರೂ ಅನ್ನುತ್ತಿರಲಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿದು ಕೆಲಸ ನಿಂತಿತು. ಬಾವಿಯಲ್ಲಿ ಆಳುದ್ದ ನೀರು ನಿಂತಿತ್ತು. ರಾಜಣ್ಣ ಬೀರು ತೆಗೆದು ಕಾಗದ ಕೈಗಿಟ್ಟರು. ಅವರ ಸುಟ್ಟ ಅಂಗೈಯಲ್ಲಿ ಬಂದ ಹೊಸ ಚರ್ಮ ಹೊಳೆಯುತ್ತಿತ್ತು. ಹೊಗೆಸೊಪ್ಪಿನ ವಾಸನೆ ಹಿಡಿದ ಆ ಕಾಗದದಿಂದ ಮುಂದೆ ನನಗೆ ಕೆಲಸ ಸಿಕ್ಕಿತೋ ಇಲ್ಲವೋ ಅದು ಬೇರೆ ಕಥೆ. ಇವತ್ತು ಚಳ್ಳಕೆರೆಯಲ್ಲಿ ಇಂಥ ಯಂತ್ರಗಳನ್ನೇ ರಿಪೇರಿ ಮಾಡಿ ಬದುಕುತ್ತಿದ್ದೇನೆ; ಅಂಗಡಿಗೆ ಬರುವಾಗ ಅವು ಒದ್ದೆ ಕಲ್ಲುಪುಡಿಯ ವಾಸನೆ ತರುವುದಿಲ್ಲ, ಅಷ್ಟೇ.

ಕಾಗದ ಸಿಕ್ಕ ಮಧ್ಯಾಹ್ನವೇ ಓಬಣ್ಣನನ್ನು ನೋಡಲು ಅವನೂರಿಗೆ ಹೋದೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಸುಂಕಮ್ಮ ಟೀ ಕೊಟ್ಟಳು. ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ ಹೇಳಿಬಿಟ್ಟೆ.

"ಅವತ್ತು ನಾ ಬಸ್ಸಿಗೆ ಹೋಗಬಾರ್ದಿತ್ತು ಓಬಣ್ಣ. ಆದ್ರೂ ನೀನು ಒತ್ತಿ ಒತ್ತಿ ತಿಳಿಸ್ದಲ್ಲ, ಅದ್ರಿಂದ ಗೊತ್ತಾತು."

ಅವನು ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿದ. "ತಿಳಿಸೋಕೆ ಒತ್ತಲಿಲ್ಲಪ್ಪ. ನೀ ಹೋಗಿದ್ದು ಗೊತ್ತಿತ್ತಲ್ಲ ನನಿಗೆ. ಆ ಮೀಟರು ನೋಡೋನು ಮ್ಯಾಲೆ ಯಾರೂ ಇಲ್ಲ ಅಂತ್ಲೇ ತಿಳ್ಕಂಡಿದ್ದೆ."

"ಮತ್ಯಾಕೆ ಒತ್ತಿದೆ?"

"ಕತ್ಲು ಕಣಲೇ. ನೀರು ಬ್ಯಾರೆ ಏರ್ತಿತ್ತು. ಸುಮ್ಮಗೆ ಕೈಗೆ ಸಿಕ್ಕಿದ್ದು ಒತ್ತಿದೆ. ಒತ್ತಿದ್ರೆ ಮ್ಯಾಲೆ ಇಂಜಿನ್ನು ಏರಿದ್ದು ಬಂಡೇಲಿ ಅದುರಿ ಬಂತು. ಇನ್ನೊಂದ್ಸಲ ಒತ್ತಿದೆ, ಮತ್ತೆ ಏರ್ತು. ನಾ ಏನೋ ಅಂದಂಗೆ, ಯಾರೋ ಹೂಂ ಅಂದಂಗೆ." ಅವನು ಟೀ ಲೋಟ ಕೆಳಗಿಟ್ಟ. "ಐದು ಗಂಟೆ ಅದ್ರ ಜೊತೆ ಮಾತಾಡಿದೆ. ಒಂದು ಸಲನೂ ಇಲ್ಲ ಅನ್ಲಿಲ್ಲ ಅದು."